ಪಕ್ಕದಲ್ಲಿ ಕೂರುವವರು ಬೇಕಾಗಿದ್ದಾರೆ

ಚಿಂಚೋಳಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ಹುಟ್ಟಿದ ಟ್ರಾನ್ಸ್‌ಜೆಂಡರ್ ಯುವತಿಯೊಬ್ಬಳು ಸರ್ಕಾರಿ ನೌಕರಿಗೆ ಅರ್ಜಿ ಹಾಕಬೇಕು ಅಂದುಕೊಳ್ಳೋಣ. ಕಾನೂನು ಅವಳ ಪರವಾಗಿಯೇ ಇದೆ. 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಇಂಥ ನಿಯಮ ಮಾಡಿದ ಮೊದಲ ರಾಜ್ಯ ನಮ್ಮದು. ಸಮತಲ ಮೀಸಲಾತಿ ಎಂದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ, ಈ ಪ್ರತಿಯೊಂದರ ಒಳಗೂ ಆ ಶೇ 1 ಇರುತ್ತದೆ. ಲಂಬಾಣಿ ಹುಡುಗಿಗೆ ಪರಿಶಿಷ್ಟ ಜಾತಿಯ ಒಳಗೇ ಆ ಪಾಲು. ಅದರ ಮೇಲೆ, ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿಯೂ ಉಂಟು.

ಈಗ ಕಾಗದಗಳನ್ನು ನೋಡಿ. ಜಾತಿ ಪ್ರಮಾಣಪತ್ರ ತಹಶೀಲ್ದಾರರಿಂದ ಬರಬೇಕು. 371(ಜೆ) ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ, ಅಂದರೆ ಸೇಡಂಗೆ ಹೋಗಬೇಕು. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೊಡುವವರು ಕಲಬುರಗಿಯ ಜಿಲ್ಲಾಧಿಕಾರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರು, ಹಳೆಯ ಲಿಂಗ. ಆಧಾರ್‌ನಲ್ಲಿ ತಿದ್ದಿಸಿದ್ದರೆ ಹೊಸ ಹೆಸರು, ತಿದ್ದಿಸದಿದ್ದರೆ ಹಳೆಯದೇ. ಪಡಿತರ ಚೀಟಿ ಅವಳನ್ನು ಹೊರಗೆ ಹಾಕಿದ ಅಪ್ಪನ ಮನೆಯ ಟ್ರಂಕಿನಲ್ಲಿದೆ, ಕೇಳಲು ಹೋದರೆ ಅಣ್ಣ ಬಾಗಿಲು ತೆರೆಯುವುದಿಲ್ಲ. ಇವೆಲ್ಲ ಕೂಡಿ ಒಬ್ಬಳೇ ವ್ಯಕ್ತಿಯ ಬಗ್ಗೆ ಹೇಳುತ್ತಿವೆ ಎಂದು ಗುಮಾಸ್ತರಿಗೆ ಮನವರಿಕೆ ಆಗಬೇಕು, ಅದೂ ಅರ್ಜಿಯ ಕೊನೆಯ ದಿನದೊಳಗೆ.

ಹಕ್ಕು ಇದೆ, ಆದೇಶ ಇದೆ, ಜಾಲತಾಣ ಇದೆ. ‘ಮೊದಲು ಇದನ್ನು ಮಾಡಿಸು, ಆಮೇಲೆ ಅದು, ಈ ಅಫಿಡವಿಟ್ ಹೀಗೆ ಬರೆಸು, ನಾನೂ ಜೊತೆಗೆ ಬರುತ್ತೇನೆ’ ಎಂದು ಪಕ್ಕದಲ್ಲಿ ಕೂತು ಹೇಳುವವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಸಿಗುವುದು ಬಹಳ ಕಷ್ಟ. ಟ್ರಾನ್ಸ್‌ಜೆಂಡರ್ ಸಂಘಟನೆಗಳಿಗೆ ಸ್ವಇಚ್ಛೆಯಿಂದ ಸಲಹೆ ಕೊಡುವವರ ಕೆಲಸ ಎಷ್ಟು ದೊಡ್ಡದು ಎನ್ನುವುದನ್ನು ಕರ್ನಾಟಕದ ಕಳೆದ ಕಾಲು ಶತಮಾನವೇ ತೋರಿಸಿದೆ. ಆದರೆ ಆ ಕೆಲಸದ ಬಹುಪಾಲು ಬೆಂಗಳೂರಿನಲ್ಲಿ ನಡೆಯಿತು.

1999ರಲ್ಲಿ ಎಲವರ್ತಿ ಮನೋಹರ್ ಬೆಂಗಳೂರಿನಲ್ಲಿ ‘ಸಂಗಮ’ವನ್ನು ಶುರು ಮಾಡಿದಾಗ ಅದು ಲೈಂಗಿಕತೆಯ ಬಗೆಗಿನ ಪುಸ್ತಕ, ವರದಿ, ಪತ್ರಿಕಾ ತುಣುಕುಗಳನ್ನು ಕೂಡಿಸಿಡುವ ಒಂದು ದಾಖಲೆ ಕೇಂದ್ರ. ಹಿಜ್ರಾಗಳು, ‘ಕೋತಿ’ ಎಂದು ಕರೆದುಕೊಳ್ಳುವ ಹೆಣ್ಣು ಸ್ವಭಾವದ ಗಂಡಸರು, ದುಡಿಯುವ ವರ್ಗದ ಸಲಿಂಗಿಗಳು ಬರತೊಡಗಿದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಓದಲು ಬಂದವರಿಗಿಂತ ಪೊಲೀಸರಿಂದ ಏಟು ತಿಂದು ಬಂದವರೇ ಹೆಚ್ಚಾದರು. 2000ದಲ್ಲಿ ಹುಟ್ಟಿದ ‘ಆಲ್ಟರ್ನೇಟಿವ್ ಲಾ ಫೋರಂ’ನ ಅರವಿಂದ್ ನಾರಾಯಣ್ ಮೊದಲಾದ ವಕೀಲರು, ಬಿ.ಟಿ. ವೆಂಕಟೇಶ್ ಅವರಂಥ ನ್ಯಾಯವಾದಿಗಳು, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕಾರ್ಯಕರ್ತರು ಜೊತೆಯಾದರು. ಪಿಯುಸಿಎಲ್ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಉಲ್ಲಂಘನೆ ಕುರಿತು ಒಂದು ವರದಿ ತಂದಿತು. 2003ರಲ್ಲಿ ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರ ಬಗ್ಗೆಯೇ ಪ್ರತ್ಯೇಕವಾಗಿ ಇನ್ನೊಂದು ವರದಿ ಬಂತು. ಲಾಠಿ ಏಟಿಗೂ ಠಾಣೆಯ ಅವಮಾನಕ್ಕೂ ಊರು, ತಾರೀಖು, ಸಾಕ್ಷಿ ಎಂದು ದಾಖಲಾಗತೊಡಗಿದ್ದು ಹೀಗೆ. ಮುಂದೆ ನ್ಯಾಯಾಲಯಗಳಲ್ಲಿ ನಡೆದ ವಾದಗಳಿಗೆ ಇಂಥ ದಾಖಲೆಗಳೇ ಆಧಾರವಾದವು.

ಸಂಗಮದ ಒಳಗೆ ನಡೆದ ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತಮಿಳುನಾಡಿನ ನಾಮಕ್ಕಲ್ ಕಡೆಯಿಂದ ಬಂದ ಎ. ರೇವತಿ ಅಲ್ಲಿ ಸೇರಿದ್ದು ಕಚೇರಿ ಸಹಾಯಕಿಯಾಗಿ. ಕೊನೆಗೆ ಅವರೇ ಆ ಸಂಸ್ಥೆಯ ನಿರ್ದೇಶಕಿಯಾದರು. ಅವರ ಆತ್ಮಕಥನವನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ರಂಗದ ಮೇಲೂ ಬಂದು ಊರೂರು ತಿರುಗಿತು. ಸಂಗಮದಲ್ಲೇ ದುಡಿದ ಅಕ್ಕೈ ಪದ್ಮಶಾಲಿ 2014ರಲ್ಲಿ ‘ಒಂದೆಡೆ’ ಸಂಘಟನೆಯನ್ನು ಕಟ್ಟಿದರು. ಸಲಹೆ ಕೊಡಲು ಬಂದವರು ಕುರ್ಚಿ ಬಿಟ್ಟುಕೊಟ್ಟಿದ್ದರಿಂದಲೇ ಇದಾಯಿತು. ಒಂದು ಸಂಘಟನೆಗೆ ಸಲಹೆಗಾರರಾಗಿ ಹೋದವರು ಹತ್ತು ವರ್ಷದ ನಂತರವೂ ವೇದಿಕೆಯ ಮಧ್ಯದಲ್ಲೇ ಕೂತಿದ್ದರೆ, ಅವರು ಕೊಟ್ಟ ಸಲಹೆಯಲ್ಲಿ ಏನೋ ಕೊರತೆಯಿದೆ ಎಂದೇ ನಾನು ತಿಳಿಯುತ್ತೇನೆ.

ಜೊತೆ ನಿಂತದ್ದಕ್ಕೆ ಬೆಲೆಯನ್ನೂ ತೆರಬೇಕಾಗಿತ್ತು. 2008ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗಿರಿನಗರ ಠಾಣೆಯಲ್ಲಿ ಹಿಜ್ರಾಗಳನ್ನು ಹಿಡಿದಿಟ್ಟಿದ್ದಾರೆಂದು ಕೇಳಿ ವಿಚಾರಿಸಲು ಹೋದ ಸಂಗಮದ ಕಾರ್ಯಕರ್ತರೇ ಬಂಧನಕ್ಕೆ ಒಳಗಾದರು. ಅದನ್ನು ಪ್ರತಿಭಟಿಸಲು ಹೋದವರನ್ನೂ ಪೊಲೀಸರು ಹಿಡಿದರು. ಹೀಗೆ ನಿಂತವರಿಗೆ ಕಾನೂನಿನ ಬಲ ಬಂದದ್ದು ನಿಧಾನವಾಗಿ. 2010ರಲ್ಲಿ ಸಿ.ಎಸ್. ದ್ವಾರಕಾನಾಥ್ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ಈ ಸಮುದಾಯವನ್ನು ಹಿಂದುಳಿದವರ ಪಟ್ಟಿಗೆ ಸೇರಿಸಬೇಕೆಂದಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದ ನಾಲ್ಸಾ ತೀರ್ಪು ಕೊಟ್ಟಿತು. 2017ರಲ್ಲಿ ರಾಜ್ಯ ಸರ್ಕಾರದ ಟ್ರಾನ್ಸ್‌ಜೆಂಡರ್ ನೀತಿ ಬಂತು. ಆರಂಭದಲ್ಲಿ ಹೇಳಿದ ಶೇ 1ರ ಮೀಸಲಾತಿಯ ಹಿಂದೆಯೂ ಒಂದು ಅರ್ಜಿಯಿದೆ. ಪೊಲೀಸ್ ನೇಮಕಾತಿಯಲ್ಲಿ ಗಂಡು, ಹೆಣ್ಣು ಎರಡೇ ಕಲಂ ಇದ್ದುದನ್ನು ಪ್ರಶ್ನಿಸಿ ಸಂಗಮ ಹೈಕೋರ್ಟಿಗೆ ಹೋಯಿತು. ‘ಜೀವಾ’ ಸಂಸ್ಥೆ ಆ ಪ್ರಕರಣದಲ್ಲಿ ಸೇರಿಕೊಂಡಿತು, ಅದರ ಪರವಾಗಿ ಜಯ್ನಾ ಕೊಠಾರಿ ವಾದಿಸಿದರು. ಆಗಿನ ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರ ಪೀಠದ ಮುಂದೆ ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ನಿಯಮ ಬದಲಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನ 1919ರಲ್ಲಿ, ಅಂದರೆ ಫಸಲಿ 1329ರಲ್ಲಿ, ಹಿಜ್ರಾಗಳ ಮೇಲೆ ಒಂದು ಕಾಯ್ದೆ ಮಾಡಿತ್ತು. ಅವರ ಹೆಸರು, ವಾಸದ ಜಾಗಗಳ ರಿಜಿಸ್ಟರ್ ಇಡಬೇಕು. ಸೀರೆ ಉಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ ವಾರಂಟ್ ಇಲ್ಲದೆಯೇ ಹಿಡಿಯಬಹುದು. ಸಂಸ್ಥಾನ ಹೋಯಿತು, ರಾಜ್ಯಗಳು ಹರಿದು ಹಂಚಿಹೋದವು, ಕಾಯ್ದೆ ಮಾತ್ರ ತೆಲಂಗಾಣದ ಪುಸ್ತಕಗಳಲ್ಲಿ ಉಳಿದುಕೊಂಡಿತು. ಅದನ್ನು ಪ್ರಶ್ನಿಸಿದವರಲ್ಲಿ ಟ್ರಾನ್ಸ್‌ಜೆಂಡರ್ ಕಾರ್ಯಕರ್ತೆ ವೈಜಯಂತಿ ವಸಂತ ಮೊಗ್ಲಿ ಒಬ್ಬರು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದು ಮಾಡಿತು. ನಮ್ಮ ರಾಜ್ಯವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಹೆಚ್ಚುಕಡಿಮೆ ಅಂಥದೇ ರಿಜಿಸ್ಟರ್‌ಗೆ ದಾರಿ ಮಾಡಿತ್ತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಆ ಕಲಮಿನಿಂದ ಸಮುದಾಯದ ಹೆಸರನ್ನು ತೆಗೆಯಲಾಯಿತು. ತೆಲಂಗಾಣದ ಗಡಿ ಸೇಡಂ, ಚಿಂಚೋಳಿ ತಾಲ್ಲೂಕುಗಳಿಗೆ ಅಂಟಿಕೊಂಡೇ ಇದೆ. ಅಲ್ಲಿಯ ಹಿಜ್ರಾ ಬಸ್ತಿಗೂ ಇಲ್ಲಿಯ ಹಿಜ್ರಾ ಮನೆಗಳಿಗೂ ಗುರು–ಚೇಲಾ, ಅಂದರೆ ಹಿರಿಯರು–ಶಿಷ್ಯರ, ಸಂಬಂಧಗಳಿವೆ. ಇಲ್ಲಿ ಸಲಹೆ ಹೇಳಲು ಹೊರಟವರು ಎರಡೂ ರಾಜ್ಯಗಳ ಈ ಕಥೆಯನ್ನು ತಿಳಿದಿರಬೇಕು, ಏಕೆಂದರೆ ಠಾಣೆಯ ಹೆಸರು ಕೇಳಿದೊಡನೆ ಹುಟ್ಟುವ ಹೆದರಿಕೆಗೆ ಇಷ್ಟು ಹಳೆಯ ಬೇರಿದೆ.

ವಾಡಿಯ ವಿಷಯವೇ ಬೇರೆ. ಮುಂಬೈ–ಚೆನ್ನೈ ಹಳಿಗೆ ಹೈದರಾಬಾದ್ ಕಡೆಯ ಹಳಿ ಬಂದು ಸೇರುವ ಜಂಕ್ಷನ್ ಅದು. ಮನೆ ಬಿಟ್ಟ ಎಷ್ಟೋ ಮಕ್ಕಳಿಗೆ ಸಿಗುವ ಮೊದಲ ದಾರಿ ರೈಲು. ಮುಂಬೈ, ಪುಣೆ, ಸಿಕಂದರಾಬಾದ್‌ಗಳಲ್ಲಿ ಎಂಟು ತಿಂಗಳು, ಊರ ಕಡೆ ನಾಲ್ಕು ತಿಂಗಳು ಎಂದು ಬದುಕುವವರ ತೊಡಕು ಯಾವ ಕೈಪಿಡಿಯಲ್ಲೂ ಸಿಗದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ ಅಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ, ಗುರುತಿನ ಪ್ರಮಾಣಪತ್ರದ ಅರ್ಜಿದಾರರು ಆ ಜಿಲ್ಲಾಧಿಕಾರಿಯ ವ್ಯಾಪ್ತಿಯಲ್ಲಿ ಸತತ 12 ತಿಂಗಳು ವಾಸವಿರಬೇಕು. ಅಫಿಡವಿಟ್ ಸಾಕು, ವೈದ್ಯಕೀಯ ಪರೀಕ್ಷೆ ಬೇಡ, 30 ದಿನದೊಳಗೆ ಪ್ರಮಾಣಪತ್ರ ಎಂದು ಅದೇ ನಿಯಮ ಹೇಳಿತು. ಆದರೆ ಆ 12 ತಿಂಗಳು ರೈಲಿನಲ್ಲಿ ಬದುಕುವವರಿಗೆ ದೊಡ್ಡ ಗೋಡೆ. ಯಾವ ವಿಳಾಸ ಕೊಡಬೇಕು, ಬಾಡಿಗೆ ಕರಾರು ಯಾರ ಹೆಸರಿನಲ್ಲಿ ಮಾಡಿಸಬೇಕು, ಬ್ಯಾಂಕ್ ಖಾತೆ ಯಾವ ಶಾಖೆಯಲ್ಲಿರಬೇಕು ಎಂಬ ಲೆಕ್ಕವನ್ನು ಅರ್ಜಿಗೆ ಒಂದು ವರ್ಷ ಮೊದಲೇ ಹಾಕಬೇಕಾಗುತ್ತದೆ. ನಿಯಮಗಳೂ ತಿದ್ದುಪಡಿಯಾಗುತ್ತಿರುತ್ತವೆ. ಹೋದ ವರ್ಷ ಕೇಳಿದ್ದನ್ನೇ ಈ ವರ್ಷ ಹೇಳುವವರು ಸಲಹೆಗಾರರಾಗಲು ತಕ್ಕವರಲ್ಲ. ಪ್ರತಿ ಸಲವೂ ಜಾರಿಯಲ್ಲಿರುವ ಪಠ್ಯವನ್ನು ಓದಿಯೇ ಮಾತಾಡಬೇಕು.

ಜೋಗಪ್ಪಂದಿರ ಮಾತನ್ನೂ ಇಲ್ಲಿ ಹೇಳಲೇಬೇಕು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಯಲ್ಲಮ್ಮನ ಗುಡಿಯಿದೆ, ಸೀಗಿ ಹುಣ್ಣಿಮೆಗೆ ಜಾತ್ರೆ. ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಪಡ್ಡಲಗಿ ಹಿಡಿದವರು ಉತ್ತರ ಕರ್ನಾಟಕದ ಈ ಸೀಮೆಗೆ ಹೊಸಬರಲ್ಲ. ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದಾಗ ಹಳ್ಳಿಗಳಲ್ಲೂ ಈ ಬದುಕಿನ ಬಗ್ಗೆ ಗೌರವದ ಮಾತು ಕೇಳಿಬಂತು. ಆದರೆ ಹಿಜ್ರಾ ಸಮುದಾಯಕ್ಕೆ ಇರುವ ಹಮಾಮಿನ, ಅಂದರೆ ಗುರುವಿನೊಡನೆ ಒಟ್ಟಿಗೆ ಬಾಳುವ ಮನೆಯ, ಕಟ್ಟುಪಾಡು ಜೋಗಪ್ಪಂದಿರಿಗೆ ಇಲ್ಲ. ಎಷ್ಟೋ ಜನ ಹೆತ್ತ ಮನೆಯಲ್ಲೇ ಇರುತ್ತಾರೆ, ಶಸ್ತ್ರಚಿಕಿತ್ಸೆಯನ್ನು ಬಯಸುವುದೂ ಇಲ್ಲ. ಬೆಂಗಳೂರಿನ ಬಸ್ತಿಗೆ ಹೊಂದುವ ಸಲಹೆ ಇವರಿಗೆ ಹೊಂದದು. ಅವರ ಮನೆಗೆ ಹೋಗಿ, ತಾಯಿಯ ಎದುರಿಗೇ ಕೂತು ಮಾತಾಡಬಲ್ಲ ಮಾಸ್ತರರೋ ಅಂಗನವಾಡಿ ಟೀಚರೋ ಬೇಕು.

ನಾಗಾವಿ ಎಂದಾಗ ಇನ್ನೊಂದು ನೆನಪು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ. 1058ರ ಶಾಸನದಲ್ಲಿ ಅಲ್ಲಿಯ ವಿದ್ಯಾರ್ಥಿಗಳು, ಉಪಾಧ್ಯಾಯರ ಜೊತೆಗೆ ಗ್ರಂಥಭಂಡಾರ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರ ಪ್ರಸ್ತಾಪವಿದೆ. ಬಲ್ಲವರು ತಿಳಿಯದವರಿಗೆ ಹೇಳಿಕೊಡುವುದನ್ನು ಊರಿನ ಕೆಲಸವೆಂದೇ ಎಣಿಸಿದ ನೆಲ ಇದು. ಶಹಾಬಾದ್, ವಾಡಿಗಳ ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಮಿಕರಿಗೂ ಈ ರೂಢಿ ಗೊತ್ತು. ಯೂನಿಯನ್ ಕಚೇರಿಯಲ್ಲಿ ಸಂಜೆ ಯಾರೋ ಒಬ್ಬರು ಕೂತು ಪಿ.ಎಫ್. ಅರ್ಜಿ, ಗಾಯಗೊಂಡವರ ಪರಿಹಾರದ ಅರ್ಜಿ ಬರೆದುಕೊಡುತ್ತಿದ್ದರು, ಓದಲು ಬಾರದವರಿಗೆ ನಿಯಮ ಓದಿ ಹೇಳುತ್ತಿದ್ದರು. ಅದೇ ಬೆಂಚಿನ ಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗೂ ಜಾಗ ಕೊಡುವುದು ಆ ಪರಂಪರೆಗೆ ಹೊರತಾದ ಕೆಲಸವೇನಲ್ಲ.

ಸಂಘ ಕಟ್ಟುವುದರಲ್ಲೇ ಎಷ್ಟು ತೊಡಕುಗಳಿವೆ ಎನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು, ನೋಂದಣಿಗೆ ಕನಿಷ್ಠ ಏಳು ಜನ ಬೇಕು. ಆ ಏಳೂ ಜನರಿಗೆ ಗುರುತಿನ ಚೀಟಿ ಬೇಕು. ಸಂಘವನ್ನು ಕಟ್ಟುತ್ತಿರುವುದೇ ಗುರುತಿನ ಚೀಟಿ ಮಾಡಿಸಿಕೊಳ್ಳಲು ಎಂಬುದನ್ನು ನೆನೆದರೆ ಅವರ ಇಕ್ಕಟ್ಟು ಅರ್ಥವಾಗುತ್ತದೆ. ನೋಂದಣಿ ಆದ ಮೇಲೂ ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಉತ್ಸಾಹದಿಂದ ಹುಟ್ಟಿದ ಸಣ್ಣ ಸಂಘಗಳು ಜಗಳದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಲೆಕ್ಕ ಸಲ್ಲಿಸದೆ ಸಾಯುತ್ತವೆ. ಹೀಗಾಗಿ ವಕೀಲರಿಗಿಂತ ಮೊದಲು ಒಬ್ಬ ಲೆಕ್ಕ ಬರೆಯುವವರು ಸಿಕ್ಕರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ರಸೀದಿ ಪುಸ್ತಕ, ನಗದು ಪುಸ್ತಕ, ನಡಾವಳಿ ಪುಸ್ತಕ, ಇವು ಮೂರನ್ನು ಸರಿಯಾಗಿ ಇಡುವುದನ್ನು ಸದಸ್ಯರಿಗೇ ಕಲಿಸಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಸಣ್ಣ ಊರಿನಲ್ಲಿ ಸಲಹೆಗಾರರು ಪಾಲಿಸಲೇಬೇಕಾದ ಒಂದು ಶಿಸ್ತು ಗುಟ್ಟು ಕಾಯುವುದು. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತು ಸಂಜೆಯೊಳಗೆ ಮಳಖೇಡ ಮುಟ್ಟುತ್ತದೆ. ಮನೆಯವರಿಗೆ ಇನ್ನೂ ಹೇಳಿಕೊಳ್ಳದ ಹುಡುಗನ ಹೆಸರು ಒಂದು ವಾಟ್ಸ್‌ಆ್ಯಪ್ ಫೋಟೊದಿಂದ ಹೊರಬಿದ್ದರೆ ಅವನ ಓದೂ ನಿಲ್ಲುತ್ತದೆ, ಜೀವಕ್ಕೂ ಅಪಾಯ. ಸಹಾಯ ಮಾಡಿದ ಫೋಟೊ ಹಾಕಿಕೊಳ್ಳುವ ಆಸೆಯಿದ್ದವರು ದಯವಿಟ್ಟು ಈ ಕೆಲಸಕ್ಕೆ ಬರಬಾರದು. ಎರಡನೆಯದು ಗುರುಗಳ ವಿಷಯ. ಮನೆಯ ಗುರುವನ್ನು ಬದಿಗಿಟ್ಟು ಚೇಲಾಗಳ ಜೊತೆ ನೇರ ವ್ಯವಹಾರಕ್ಕೆ ಇಳಿದರೆ ಸಂಘ ಒಡೆಯುತ್ತದೆ. ಗುರು ಹೇಳಿದ್ದೇ ಕೊನೆಯ ಮಾತು ಎಂದು ಸುಮ್ಮನಾದರೆ ಕಿರಿಯರ ದುಡಿಮೆಗೆ, ಓದಿಗೆ ದನಿ ಸಿಗುವುದಿಲ್ಲ. ನಿರ್ಧಾರ ಸಮುದಾಯದ್ದೇ ಆಗಿರಬೇಕು. ಆದರೆ ಅಲ್ಲಿ ಕಿರಿಯರಿಗೂ ಮಾತಾಡಲು ಅವಕಾಶವಿರಲಿ ಎಂದು ಕೇಳುವ ಹಕ್ಕು ಸಲಹೆಗಾರರಿಗಿದೆ.

ಸಣ್ಣ ಊರಿನಿಂದಲೇ ದಾರಿ ತೆರೆದ ಉದಾಹರಣೆ ಪಶ್ಚಿಮ ಬಂಗಾಳದಲ್ಲಿದೆ. ಉತ್ತರ ದಿನಾಜ್‌ಪುರ ಜಿಲ್ಲೆಯ ಇಸ್ಲಾಂಪುರ ನಮ್ಮ ಚಿತ್ತಾಪುರದಂತೆ ಮಹಾನಗರದಿಂದ ದೂರದ ಊರು. 2017ರ ಜುಲೈನಲ್ಲಿ ಅಲ್ಲಿಯ ಲೋಕ ಅದಾಲತ್‌ನಲ್ಲಿ ಜೋಯಿತಾ ಮಂಡಲ್ ನ್ಯಾಯಾಧೀಶರ ಸಾಲಿನಲ್ಲಿ ಕೂತರು. ಒಂದು ಕಾಲಕ್ಕೆ ಬೀದಿಯಲ್ಲಿ ಭಿಕ್ಷೆ ಬೇಡಿದ್ದ ಟ್ರಾನ್ಸ್‌ಜೆಂಡರ್ ಮಹಿಳೆ ಅವರು.

ನಮ್ಮಲ್ಲೂ ಬೇಕಾದ ಚೌಕಟ್ಟು ಇದ್ದೇ ಇದೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ, ಅರೆಕಾನೂನು ಸ್ವಯಂಸೇವಕರ ವ್ಯವಸ್ಥೆಯಿದೆ, 15100 ಸಹಾಯವಾಣಿಯಿದೆ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಜನನ ಪ್ರಮಾಣಪತ್ರವನ್ನು ಹಳೆಯ–ಹೊಸ ವಿವರ ಎರಡನ್ನೂ ಸೇರಿಸಿ ಮರಳಿ ಕೊಡಬಹುದೆಂದು ಹೇಳಿದೆ. ನೋಂದಣಿ ಕಚೇರಿಯ ಕಿಟಕಿಯಲ್ಲಿ ಈ ಆದೇಶದ ಪ್ರತಿ ಹಿಡಿದು ನಿಲ್ಲುವವರಿದ್ದರೆ ಅದರಿಂದ ಉಪಯೋಗವುಂಟು. 2011ರ ಜನಗಣತಿ ರಾಜ್ಯದಲ್ಲಿ ‘ಇತರೆ’ ಎಂದು ಎಣಿಸಿದ್ದು 20,266 ಜನರನ್ನು. ಆ ಕಲಂನಲ್ಲಿ ತಮ್ಮನ್ನು ಬರೆಸಿಕೊಳ್ಳುವ ಧೈರ್ಯ ಅಂದು ಎಷ್ಟು ಹಳ್ಳಿಗಳಲ್ಲಿ ಇದ್ದೀತು?

ಸೇಡಂನಲ್ಲಿ ನಿವೃತ್ತ ಶಿರಸ್ತೇದಾರರು ಇದ್ದಾರೆ, ಯಾವ ಅರ್ಜಿ ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಚಿತ್ತಾಪುರ, ಚಿಂಚೋಳಿಯ ವಕೀಲರ ಸಂಘಗಳಲ್ಲಿ ಕಿರಿಯ ವಕೀಲರಿದ್ದಾರೆ. ಶಹಾಬಾದ್‌ನಲ್ಲಿ ಹಳೆಯ ಯೂನಿಯನ್ ಕಾರ್ಯದರ್ಶಿಗಳು, ವಾಡಿಯಲ್ಲಿ ರೈಲ್ವೆಯಿಂದ ನಿವೃತ್ತರಾದವರು ಇದ್ದಾರೆ. ತಿಂಗಳಿಗೆ ಎರಡು ಶನಿವಾರ, ಮಧ್ಯಾಹ್ನದ ಎರಡು ತಾಸು, ಒಂದು ಬೆಂಚು, ಒಂದು ನೋಟ್‌ಬುಕ್ಕು. ಮೊದಲು ಬಂದವರ ಹತ್ತಿರ ಯಾವ ಕಾಗದಗಳಿವೆ, ಯಾವುದರಲ್ಲಿ ಯಾವ ಹೆಸರಿದೆ ಎಂದು ಕೇಳಿ ಬರೆದುಕೊಳ್ಳುವುದರಿಂದ ಕೆಲಸ ಶುರುವಾಗಲಿ. ಅವರು ಹೇಳುವ ಹೆಸರಿನಿಂದಲೇ ಅವರನ್ನು ಕರೆಯಲಿ.