ಬಿದ್ದ ರಾಕೆಟ್ ಹುಡುಕುವುದು: ಟ್ರ್ಯಾಕರ್ ಕುರಿತ ತಪ್ಪು ಕಲ್ಪನೆ ಮತ್ತು ಸತ್ಯ

ಹೊಸನಗರ ತಾಲ್ಲೂಕಿನ ನಗರವೆಂಬ ಊರಿನಲ್ಲಿ 2018ರಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಯುದ್ಧದ ರಾಕೆಟ್ ಒಮ್ಮೆ ಹಾರಿದರೆ ಮುಗಿಯಿತು, ಅದನ್ನು ಯಾರೂ ಮರಳಿ ಹುಡುಕುವುದಿಲ್ಲ. ಹವ್ಯಾಸಿ ರಾಕೆಟ್ ಹಾಗಲ್ಲ. ಅದು ಪ್ಯಾರಾಚೂಟ್ ಬಿಚ್ಚಿ ಇಳಿದು ಮತ್ತೆ ಕೈಸೇರಬೇಕು. ಅದಕ್ಕೇ ಟ್ರ್ಯಾಕರ್.

ಕಲ್ಪನೆ: ಜಿಪಿಎಸ್ ಇದ್ದರೆ ರಾಕೆಟ್ ಎಲ್ಲಿದೆಯೆಂದು ಉಪಗ್ರಹವೇ ತಿಳಿಸುತ್ತದೆ.
ಸತ್ಯ: ನಿಮ್ಮ ರಾಕೆಟ್ ಇದೆಯೆಂಬುದೇ ಉಪಗ್ರಹಕ್ಕೆ ಗೊತ್ತಿಲ್ಲ. ಹಲವು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ಜಿಪಿಎಸ್ ಚಿಪ್ ತಾನಿರುವ ಜಾಗ ಲೆಕ್ಕಹಾಕುತ್ತದೆ, ಅಷ್ಟೆ. ಆ ಲೆಕ್ಕ ನಿಮ್ಮ ಕೈಗೆ ಬರಲು ಬೇರೆಯೇ ರೇಡಿಯೊ ಬೇಕು.

ಕಲ್ಪನೆ: ಬೈಕಿಗೆ ಹಾಕುವ ಸಿಮ್ ಟ್ರ್ಯಾಕರ್ ಸಾಕು.
ಸತ್ಯ: ಮಲೆನಾಡಿನ ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದ ಕಡೆ ಅದು ಮೂಕ. ಟವರ್ ನೆಚ್ಚದೆ ನಿಮ್ಮ ಕೈಯ ರಿಸೀವರಿಗೇ ಸಂಕೇತ ಕಳಿಸುವ ಲೋರಾ ರೇಡಿಯೊ ಮೇಲು. ಕೊಳ್ಳುವಾಗ ಆವರ್ತನ ನೋಡಿ. ನಮ್ಮಲ್ಲಿ ನಿಗದಿತ ಶಕ್ತಿಮಿತಿಯೊಳಗೆ 865ರಿಂದ 868 ಮೆಗಾಹರ್ಟ್ಸ್ ಬಳಸಲು ಪರವಾನಗಿ ಬೇಕಿಲ್ಲ. ಅಮೆರಿಕಕ್ಕೆಂದು ಮಾಡಿದ 915 ಮೆಗಾಹರ್ಟ್ಸ್‌ನದು ಇಲ್ಲಿಗೆ ಸಲ್ಲದು.

ಕಲ್ಪನೆ: ರಾಕೆಟ್ಟಿನ ಒಳಗೆ ಎಲ್ಲಿ ಇಟ್ಟರೂ ನಡೆಯುತ್ತದೆ.
ಸತ್ಯ: ಟಿಪ್ಪು ಕಾಲದ ಮೈಸೂರು ರಾಕೆಟ್ಟಿಗೆ ಬಲ ಕೊಟ್ಟದ್ದು ಕಬ್ಬಿಣದ ಕೊಳವೆ. ಟ್ರ್ಯಾಕರಿಗೆ ಅದೇ ಗೋಡೆ. ಲೋಹವೂ ಕಾರ್ಬನ್ ಫೈಬರೂ ರೇಡಿಯೊ ಅಲೆಯನ್ನು ತಡೆಯುತ್ತವೆ. ರಟ್ಟು, ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಅದನ್ನು ಹಾಯಲು ಬಿಡುತ್ತವೆ. ಆದ್ದರಿಂದ ಇಂಥವುಗಳಿಂದ ಮಾಡಿದ ಮೂತಿಯ ಶಂಕುವೇ ಸರಿಯಾದ ಜಾಗ. ಆಂಟೆನಾ ನೇರವಾಗಿರಲಿ, ಪಕ್ಕದಲ್ಲಿ ಬ್ಯಾಟರಿಯಾಗಲಿ ತಂತಿಯಾಗಲಿ ಒತ್ತಿಕೊಂಡಿರಬಾರದು. ಹಾರುವಾಗಿನ ಎಳೆತಕ್ಕೆ ಕನೆಕ್ಟರ್ ಕಳಚದಂತೆ ಬಿಗಿಯಾಗಿ ಕಟ್ಟಿ.

ಕಲ್ಪನೆ: ಜಿಪಿಎಸ್ ಎತ್ತರವನ್ನೂ ತೋರಿಸುವುದರಿಂದ ಪ್ಯಾರಾಚೂಟನ್ನೂ ಅದಕ್ಕೇ ಬಿಡಬಹುದು.
ಸತ್ಯ: ಬೇಡ. ವೇಗವಾಗಿ ಮೇಲೇರುವಾಗ ಜಿಪಿಎಸ್ ಹಿಡಿತ ತಪ್ಪಬಹುದು, ಎತ್ತರದ ಲೆಕ್ಕದಲ್ಲಿ ಅದರ ತಪ್ಪೂ ಹೆಚ್ಚು. ಪ್ಯಾರಾಚೂಟ್ ಬಿಚ್ಚುವ ಕೆಲಸ ಗಾಳಿಯ ಒತ್ತಡ ಅಳೆಯುವ ಆಲ್ಟಿಮೀಟರಿನದು.

ಕಲ್ಪನೆ: ಸ್ವಿಚ್ ಹಾಕಿದ ಕೂಡಲೇ ಹಾರಿಸಬಹುದು.
ಸತ್ಯ: ಬಹಳ ದಿನ ಆರಿಸಿಟ್ಟ ಚಿಪ್ಪಿಗೆ ಉಪಗ್ರಹಗಳನ್ನು ಹುಡುಕಿಕೊಳ್ಳಲು ನಿಮಿಷಗಳೇ ಬೇಕಾದೀತು. ಬಯಲಿನಲ್ಲಿಟ್ಟು, ಜಾಗ ಸ್ಥಿರವಾಗಿ ತೋರಿದ ಮೇಲೆಯೇ ಹಾರಿಸಿ.

ಕಲ್ಪನೆ: ಊರಾಚೆಯ ಯಾವ ಬಯಲಾದರೂ ಆದೀತು.
ಸತ್ಯ: 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಸೋಗಾನೆ ವಿಮಾನ ನಿಲ್ದಾಣ ಇರುವುದು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ. ಅದರ ಆಸುಪಾಸಿನಲ್ಲಿ ರಾಕೆಟ್ ಕಟ್ಟಬಹುದು, ಹಾರಿಸಬಾರದು. ಹಾರಾಟ ಅನುಮತಿ ಪಡೆದ ದೂರದ ಜಾಗದಲ್ಲೇ ಆಗಲಿ.

ಕಲ್ಪನೆ: ಡಬ್ಬಿಯ ಮೇಲೆ ಹತ್ತು ಕಿಲೋಮೀಟರ್ ಎಂದಿದ್ದರೆ ಹತ್ತು ಕಿಲೋಮೀಟರ್.
ಸತ್ಯ: ಅದು ನಡುವೆ ಅಡ್ಡಿಯಿಲ್ಲದಾಗಿನ ಮಾತು. ನೆಲಕ್ಕಿಳಿದ ಟ್ರ್ಯಾಕರಿನ ದನಿಯನ್ನು ಗಿಡಮರ, ದಿಣ್ಣೆಗಳು ನುಂಗುತ್ತವೆ. ಇಳಿಯುವ ಮೊದಲು ಅದು ಕಳಿಸಿದ ಕೊನೆಯ ಜಾಗವೇ ದಾರಿ ತೋರಿಸುವುದು, ಅದನ್ನು ಉಳಿಸಿಕೊಳ್ಳಿ. ದನಿ ನಿಜಕ್ಕೂ ಎಷ್ಟು ದೂರ ಮುಟ್ಟುತ್ತದೆಂದು ಪರೀಕ್ಷಿಸಲು ರಾಕೆಟ್ ಹಾರಿಸಬೇಕಿಲ್ಲ. ಭದ್ರಾವತಿಯ ಅಡಿಕೆ ತೋಟವೊಂದರ ನೆಲದಲ್ಲಿ ಟ್ರ್ಯಾಕರ್ ಇಟ್ಟು, ರಿಸೀವರ್ ಹಿಡಿದು ದೂರ ನಡೆಯುತ್ತ ಹೋಗಿ. ಸಂಕೇತ ನಿಂತಲ್ಲಿ ನಿಲ್ಲಿ, ದೂರ ಅಳೆದು ಬರೆದಿಡಿ. ನೀವು ನಂಬಬೇಕಾದ್ದು ಆ ಅಂಕಿಯನ್ನು.