ಒಂದು ಟನ್ ಪ್ರಾಣಿ, ಒಂದು ಗ್ರಾಂ ಮದ್ದು

ರಕ್ತದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆದವರ ಆಸ್ಪತ್ರೆ ಕಾಗದಗಳಲ್ಲಿ ಸೈಟರಾಬಿನ್ ಎಂಬ ಹೆಸರು ಆಗಾಗ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ, ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಈ ಮದ್ದಿನ ಮೂಲ ಹುಡುಕಿಕೊಂಡು ಹೋದರೆ ನಾವು ತಲುಪುವುದು ಅಮೆರಿಕದ ಫ್ಲಾರಿಡಾ ಕರಾವಳಿಗೆ. ಅಲ್ಲಿನ ಆಳವಿಲ್ಲದ ನೀರಿನಲ್ಲಿ, ಮರಳಿಗೆ ಅಂಟಿಕೊಂಡು ಬದುಕುವ ಒಂದು ಸ್ಪಂಜು ಪ್ರಾಣಿಗೆ.

1945ರಲ್ಲಿ ಅದನ್ನು ಸಂಗ್ರಹಿಸಿದವರು ಯೇಲ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ವರ್ನರ್ ಬರ್ಗ್‌ಮನ್. ಅವರು ಔಷಧ ಹುಡುಕುತ್ತಿರಲಿಲ್ಲ. ಸ್ಪಂಜುಗಳಲ್ಲಿರುವ ಸ್ಟೆರಾಲ್‌ಗಳು, ಅಂದರೆ ಕೊಲೆಸ್ಟೆರಾಲ್ ಜಾತಿಯ ವಸ್ತುಗಳು, ಅವರ ಅಧ್ಯಯನದ ವಿಷಯ. ಸ್ಪಂಜನ್ನು ಅಸಿಟೋನಿನಲ್ಲಿ ಕುದಿಸಿದಾಗ ನಿರೀಕ್ಷೆಯಲ್ಲೇ ಇಲ್ಲದ ಹರಳುಗಳು ಸಿಕ್ಕವು. ರಾಬರ್ಟ್ ಫೀನಿ ಜೊತೆ ಸೇರಿ ಅವುಗಳನ್ನು ಬಿಡಿಸಿ ನೋಡಿದರು. 1950ರ ದಶಕದ ಆರಂಭದಲ್ಲಿ ವಿವರ ಪ್ರಕಟಿಸಿದರು. ಆ ಹರಳುಗಳು ಡಿಎನ್‌ಎ, ಆರ್‌ಎನ್‌ಎ ಕಟ್ಟಲು ಜೀವಕೋಶ ಬಳಸುವ ಬಿಡಿಭಾಗಗಳನ್ನೇ ಹೋಲುತ್ತಿದ್ದವು. ವ್ಯತ್ಯಾಸವಿದ್ದದ್ದು ಸಕ್ಕರೆಯ ಭಾಗದಲ್ಲಿ. ರೈಬೋಸ್ ಇರಬೇಕಾದ ಕಡೆ ಅರಾಬಿನೋಸ್ ಕೂತಿತ್ತು. ಎರಡರಲ್ಲೂ ಅವೇ ಪರಮಾಣುಗಳು. ಒಂದು ಗುಂಪು ಮಾತ್ರ ಕೆಳಗಿರುವ ಬದಲು ಮೇಲಕ್ಕೆ ತಿರುಗಿತ್ತು, ಅಷ್ಟೆ.

ಆ ಸಣ್ಣ ತಿರುವಿನ ಪರಿಣಾಮ ದೊಡ್ಡದು. ಅದೇ ಅಳತೆ, ಅದೇ ಬಣ್ಣದ, ಆದರೆ ಮೇಲ್ಮೈಗೆ ಗಾರೆ ಹಿಡಿಯದ ಇಟ್ಟಿಗೆಯನ್ನು ಗೋಡೆ ಕಟ್ಟುವವನ ಕೈಗೆ ಕೊಟ್ಟಂತೆ. ಅವನು ಅದನ್ನು ಇಡುತ್ತಾನೆ, ಅದರ ಮೇಲಿನ ವರಸೆ ಏಳುವುದಿಲ್ಲ. ಬೇಗ ಬೇಗ ಡಿಎನ್‌ಎ ನಕಲು ಮಾಡಿಕೊಳ್ಳುವ ಕ್ಯಾನ್ಸರ್ ಕೋಶಗಳಿಗೆ ಇಂಥ ಬಿಡಿಭಾಗ ಕೊಟ್ಟರೆ ನಕಲಿನ ಕೆಲಸ ಅಲ್ಲೇ ನಿಲ್ಲುತ್ತದೆ. ಈ ಸುಳಿವು ಹಿಡಿದು ಬರ್ಕ್ಲಿಯ ವಿಜ್ಞಾನಿಗಳು 1959ರಲ್ಲಿ ಪ್ರಯೋಗಾಲಯದಲ್ಲೇ ಸೈಟರಾಬಿನ್ ತಯಾರಿಸಿದರು. 1969ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಸೋದರ ವಸ್ತು ವಿಡರಾಬಿನ್ 1976ರಲ್ಲಿ ಹರ್ಪಿಸ್ ವೈರಸ್ಸಿನ ಮದ್ದಾಗಿ ಬಂತು.

ಬರ್ಗ್‌ಮನ್ ಅವರ ಸ್ಪಂಜಿನ ಹರಳು ಸೈಟರಾಬಿನ್ ಆಗಿರಲಿಲ್ಲ. ಸ್ಪಂಜು ಕೊಟ್ಟದ್ದು ಒಂದು ಉಪಾಯವನ್ನು. ಮದ್ದನ್ನು ಮಾಡಿಕೊಂಡವರು ಮನುಷ್ಯರು. ಕಡಲಿನ ಔಷಧಗಳ ಬಗ್ಗೆ ಬರುವ ಸುದ್ದಿಗಳಲ್ಲಿ "ಸಾಗರದ ಔಷಧ ಭಂಡಾರ", "ಅಕ್ಷಯ ನಿಧಿ" ಎಂಬ ಮಾತುಗಳನ್ನು ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಭಂಡಾರ ಎಂದೊಡನೆ ಬಾಚಿಕೊಳ್ಳುವ ಯೋಚನೆ ಬರುತ್ತದೆ. ಬಾಚಿಕೊಳ್ಳುವ ದಾರಿ ಇಲ್ಲಿ ಎಂದೂ ಫಲ ಕೊಟ್ಟಿಲ್ಲ.

ಸ್ಪಂಜಿಗೆ ಇಂಥ ವಸ್ತು ಯಾಕೆ ಬೇಕು? ಅದಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಮೈಮೇಲೆ ಚಿಪ್ಪಿಲ್ಲ. ಕೂತ ಜಾಗದಲ್ಲೇ ನೀರನ್ನು ಸೋಸಿ ಉಣ್ಣುವ ಜೀವ ಅದು. ಮೀನು ಬಂದು ಕಚ್ಚಬಾರದು, ಪಕ್ಕದ ಹವಳ ಮೈಮೇಲೆ ಹಬ್ಬಬಾರದು, ನೀರಿನೊಂದಿಗೆ ಒಳಬಂದ ಸೂಕ್ಷ್ಮಾಣು ಕೆಡುಕು ಮಾಡಬಾರದು. ರಸಾಯನವೇ ಅದಕ್ಕೆ ಮುಖ್ಯ ರಕ್ಷಣೆ. ಅದರಲ್ಲೂ ನೀರಿಗೆ ಬಿಟ್ಟ ವಿಷ ಕ್ಷಣದಲ್ಲಿ ತೆಳುವಾಗುವುದರಿಂದ, ಅತ್ಯಲ್ಪ ಪ್ರಮಾಣದಲ್ಲೂ ನಾಟುವಂತಿರಬೇಕು. ಔಷಧ ವಿಜ್ಞಾನಿಗಳು ಬಯಸುವ ಗುಣವೂ ಅದೇ: ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೂ ಕೆಲಸ ಮಾಡಬೇಕು.

ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಕೆಲಸ ಮಾಡುವ ವಸ್ತು ಪ್ರಾಣಿಯ ಮೈಯಲ್ಲಿರುವುದೂ ಅದಕ್ಕಿಂತ ಕಡಿಮೆ. ಕೆರಿಬಿಯನ್ ಕಡಲಂಚಿನ ಕಾಂಡ್ಲಾ ಗಿಡಗಳ ಬೇರುಗಳಿಗೆ ಗೊಂಚಲು ಗೊಂಚಲಾಗಿ ಜೋತುಬೀಳುವ, ಬೆರಳ ತುದಿಯಷ್ಟು ದಪ್ಪದ, ಕಿತ್ತಳೆ ಛಾಯೆಯ ಒಂದು ಮೆದು ಪ್ರಾಣಿಯಿದೆ. ಹಿಂಡಿದರೆ ನೀರು ಚಿಮ್ಮುತ್ತದೆ ಎಂದು ಈ ಬಗೆಯ ಪ್ರಾಣಿಗಳಿಗೆ ಸೀ ಸ್ಕ್ವರ್ಟ್ ಎನ್ನುತ್ತಾರೆ. ಅದರ ಸಾರ ಕ್ಯಾನ್ಸರನ್ನು ತಡೆಯುತ್ತದೆ ಎಂಬುದು 1969ರಲ್ಲೇ ಗೊತ್ತಾಗಿತ್ತು. ಯಾವ ಅಣು ಹಾಗೆ ಮಾಡುತ್ತದೆ ಎಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ರೈನ್‌ಹಾರ್ಟ್ ಮತ್ತು ಸಂಗಡಿಗರು ಅದರ ರಚನೆಯನ್ನು ಪ್ರಕಟಿಸಿದ್ದು 1990ರಲ್ಲಿ. ತಡವಾದದ್ದರ ಕಾರಣ ಸರಳ: ಒಂದು ಟನ್ ಪ್ರಾಣಿಯನ್ನು ಅರೆದು ಸೋಸಿದರೆ ಸಿಗುತ್ತಿದ್ದದ್ದು ಒಂದು ಗ್ರಾಂ ಆಸುಪಾಸಿನ ವಸ್ತು.

ಮದ್ದನ್ನು ಕೈಗೆತ್ತಿಕೊಂಡ ಸ್ಪೇನಿನ ಫಾರ್ಮಾಮಾರ್ ಕಂಪನಿ ಸಮುದ್ರದಲ್ಲೇ ಈ ಪ್ರಾಣಿಯ ಕೃಷಿ ಮಾಡಿ ನೋಡಿತು. ಸಾಲಲಿಲ್ಲ. ಹಾರ್ವರ್ಡ್‌ನ ಇ. ಜೆ. ಕೋರಿ 1996ರಲ್ಲಿ ಅಣುವನ್ನು ಮೊದಲಿಂದ ಕೊನೆಯವರೆಗೆ ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು; ರಸಾಯನ ವಿಜ್ಞಾನದ ದೊಡ್ಡ ಸಾಧನೆ ಅದು, ಆದರೆ ಹಂತಗಳು ಹೆಚ್ಚಾಗಿ ಕಾರ್ಖಾನೆಗೆ ಒಗ್ಗಲಿಲ್ಲ. ಬಿಡುಗಡೆ ಬಂದದ್ದು ಅನಿರೀಕ್ಷಿತ ಕಡೆಯಿಂದ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಹುಳಿಬಂದು ಬೆಳೆಯುವಾಗ ತಯಾರಿಸುವ ವಸ್ತುವೊಂದು ಈ ಅಣುವಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಹೋಲುತ್ತಿತ್ತು. 2000ದಲ್ಲಿ ಅಲ್ಲಿಂದ ಶುರುಮಾಡಿ ಉಳಿದದ್ದನ್ನು ಜೋಡಿಸುವ ವಿಧಾನ ಸಿಕ್ಕಿತು. ಟ್ರಾಬೆಕ್ಟೆಡಿನ್ ಹೆಸರಿನಲ್ಲಿ ಅದು ಮೃದು ಅಂಗಾಂಶಗಳ ಕ್ಯಾನ್ಸರಿಗೆ 2007ರಲ್ಲಿ ಯುರೋಪಿನಲ್ಲಿ, 2015ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಪ್ರಾಣಿಯ ವಸ್ತುವೂ ಬ್ಯಾಕ್ಟೀರಿಯಾದ ವಸ್ತುವೂ ಒಂದನ್ನೊಂದು ಹೋಲಿದ್ದು ಆಕಸ್ಮಿಕ ಇರಲಾರದು ಎಂದು ಹಲವರಿಗೆ ಅನಿಸಿತ್ತು. 2011ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡೇವಿಡ್ ಶರ್ಮನ್ ತಂಡ ಆ ಪ್ರಾಣಿಯೊಳಗಿನ ಎಲ್ಲ ಡಿಎನ್‌ಎಯನ್ನೂ ಒಟ್ಟಿಗೆ ಓದಿ ನೋಡಿತು. ಮದ್ದು ತಯಾರಿಸುವ ಜೀನ್‌ಗಳು ಪ್ರಾಣಿಯವಾಗಿರಲಿಲ್ಲ. ಅದರ ಮೈಯೊಳಗೇ ವಾಸಿಸುವ ಬ್ಯಾಕ್ಟೀರಿಯಾದವು. ಆ ಬ್ಯಾಕ್ಟೀರಿಯಾದ ಜೀನ್ ಸಂಪತ್ತು ಎಷ್ಟು ಕುಗ್ಗಿದೆಯೆಂದರೆ, ಅದು ಹೊರಗೆ ಒಂಟಿಯಾಗಿ ಬದುಕಲಾರದು. ಪ್ರಾಣಿ ಅದಕ್ಕೆ ಮನೆ ಕೊಟ್ಟಿದೆ, ಅದು ಪ್ರಾಣಿಗೆ ವಿಷ ಕೊಟ್ಟಿದೆ. ಅಷ್ಟು ವರ್ಷ ಟನ್‌ಗಟ್ಟಲೆ ಅರೆದದ್ದು ಮನೆಯನ್ನು, ಕೆಲಸಗಾರ ಒಳಗಿದ್ದ.

ಇದೊಂದೇ ಪ್ರಕರಣವಲ್ಲ. ಮಾರಿಷಸ್ ಬಳಿಯ ಹಿಂದೂ ಮಹಾಸಾಗರದ ಸೀ ಹೇರ್ ಎಂಬ, ಹೊರಗೆ ಚಿಪ್ಪು ಕಾಣದ ಬಸವನಹುಳುವಿನಲ್ಲಿ ರಸಾಯನ ವಿಜ್ಞಾನಿ ಜಾರ್ಜ್ ಪೆಟಿಟ್ ಕಂಡ ಡೋಲಾಸ್ಟಾಟಿನ್ ಎಂಬ ವಸ್ತು ಕೂಡ ಹುಳುವಿನದಲ್ಲ, ಅದು ಮೇಯುವ ನೀಲಿ-ಹಸಿರು ಬ್ಯಾಕ್ಟೀರಿಯಾದ್ದು ಎಂದು ಆಮೇಲೆ ತಿಳಿಯಿತು. ಹಾಗೇ ಕೊಟ್ಟರೆ ತಡೆಯಲಾರದಷ್ಟು ವಿಷ ಅದು. ಅದರ ಮಾದರಿಯಲ್ಲಿ ಮಾಡಿದ ವಸ್ತುವನ್ನು ಕ್ಯಾನ್ಸರ್ ಕೋಶವನ್ನೇ ಹುಡುಕಿಹೋಗುವ ಪ್ರತಿಕಾಯಕ್ಕೆ ಕಟ್ಟಿ ಕಳಿಸಿದಾಗ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಮದ್ದಾಯಿತು. 2011ರಿಂದ ಹಾಡ್ಜ್‌ಕಿನ್ ಲಿಂಫೋಮಾ ರೋಗಿಗಳಿಗೆ ಸಿಗುತ್ತಿದೆ. ಜಪಾನಿನ ಸ್ಪಂಜಿನಿಂದ 1986ರಲ್ಲಿ ತಿಳಿದುಬಂದ ಹ್ಯಾಲಿಕಾಂಡ್ರಿನ್ ಎಂಬ ಅಣುವಿನ ಕಥೆಯಲ್ಲೂ ಟನ್ನಿನ ಲೆಕ್ಕವೇ: ನ್ಯೂಜಿಲೆಂಡಿನ ಆಳನೀರಿನ ಬೇರೊಂದು ಸ್ಪಂಜನ್ನು ಒಂದು ಟನ್ ಎತ್ತಿದರೆ 300 ಮಿಲಿಗ್ರಾಂ ಚಿಲ್ಲರೆ. ಯೊಶಿತೊ ಕಿಶಿ 1992ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಅಣುವಿನ ಅರ್ಧ ಭಾಗವೇ ಸಾಕು ಎಂದು ಗೊತ್ತಾದದ್ದರಿಂದ 2010ರಲ್ಲಿ ಸ್ತನ ಕ್ಯಾನ್ಸರಿಗೆ ಎರಿಬುಲಿನ್ ಬಂತು.

ಪ್ರಾಣಿಯೇ ಸ್ವತಃ ಮದ್ದಿನ ಒಡೆಯನಾಗಿರುವ ಉದಾಹರಣೆಯೂ ಇದೆ: ಕೋನ್ ಶಂಖದ ಹುಳು. ನೋಡಲು ಅಂದವಾದ ಚಿಪ್ಪು, ನಡೆ ಬಲು ನಿಧಾನ, ಆದರೂ ಮೀನು ಹಿಡಿದು ತಿನ್ನುತ್ತದೆ. ಸೊಂಡಿಲಿನಂಥ ನಳಿಕೆಯನ್ನು ಚಾಚಿ, ಅದರ ತುದಿಯಿಂದ ಟೊಳ್ಳು ಹಲ್ಲೊಂದನ್ನು ಈಟಿಯಂತೆ ಮೀನಿನ ಮೈಗೆ ಚುಚ್ಚಿ ವಿಷ ಹರಿಸಿದರೆ ಮೀನು ಇದ್ದಲ್ಲೇ ಸೆಟೆದು ನಿಲ್ಲುತ್ತದೆ. ಅಮೆರಿಕದಲ್ಲಿ ಓದಿ ಫಿಲಿಪೀನ್ಸಿಗೆ ಮರಳಿದ ಬಾಲ್ಡೊಮೆರೊ ಒಲಿವೆರಾ ಅವರಿಗೆ ಮನಿಲಾದ ಪ್ರಯೋಗಾಲಯದಲ್ಲಿ ಡಿಎನ್‌ಎ ಸಂಶೋಧನೆಯ ಉಪಕರಣಗಳೇ ಇರಲಿಲ್ಲ. ಊರ ಕಡಲಲ್ಲಿ ಧಾರಾಳವಾಗಿ ಸಿಗುವ ಈ ಹುಳುವಿನ ವಿಷವನ್ನು ಕೈಗೆತ್ತಿಕೊಂಡರು. ಮುಂದೆ ಯೂಟಾ ವಿಶ್ವವಿದ್ಯಾಲಯದ ಅವರ ಪ್ರಯೋಗಾಲಯದಲ್ಲಿ, ಆಗತಾನೇ ಹೈಸ್ಕೂಲು ಮುಗಿಸಿ ಬಂದಿದ್ದ ಮೈಕೆಲ್ ಮಕಿಂಟಾಶ್ ಆ ವಿಷದಿಂದ 25 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್ ಬೇರ್ಪಡಿಸಿದ. ನೋವಿನ ಸಂದೇಶ ಬೆನ್ನುಹುರಿಯಲ್ಲಿ ಮುಂದೆ ದಾಟಲು ಬೇಕಾದ ಕ್ಯಾಲ್ಸಿಯಂ ದ್ವಾರವನ್ನು ಅದು ಮುಚ್ಚುತ್ತದೆ. ಈಗ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ. 2004ರ ಕೊನೆಗೆ ಝೈಕೊನೊಟೈಡ್ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆದ ಈ ಮದ್ದಿಗೆ ಮಾರ್ಫಿನ್‌ನಂತೆ ದೇಹ ಒಗ್ಗಿಹೋಗಿ ಡೋಸು ಏರಿಸುತ್ತ ಹೋಗಬೇಕಾದ ಸಮಸ್ಯೆಯಿಲ್ಲ. ಆದರೆ ಬೆನ್ನುಹುರಿಯ ದ್ರವಕ್ಕೇ ಪಂಪಿನ ಮೂಲಕ ಹರಿಸಬೇಕು, ಮನಸ್ಸಿನ ಮೇಲೆ ಆಗುವ ಅಡ್ಡಪರಿಣಾಮಗಳೂ ತೀವ್ರ. ಹಾಗಾಗಿ ಬೇರಾವುದೂ ನಾಟದ ನೋವಿಗೆ ಮಾತ್ರ.

ಹುಡುಕಾಟ ಈಗ ಹೆಚ್ಚುಹೆಚ್ಚಾಗಿ ಬ್ಯಾಕ್ಟೀರಿಯಾಗಳ ಕಡೆಗೇ ತಿರುಗಿದೆ. ಸ್ಟ್ರೆಪ್ಟೊಮೈಸಿನ್‌ನಿಂದ ಹಿಡಿದು ನಮ್ಮ ಆಂಟಿಬಯಾಟಿಕ್‌ಗಳಲ್ಲಿ ಬಹುಪಾಲನ್ನು ಕೊಟ್ಟದ್ದು ನೆಲದ ಮಣ್ಣಿನ ಆಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾಗಳು. ಕಡಲ ತಳದಲ್ಲಿ ಅವು ಸಿಕ್ಕರೆ, ಮಳೆನೀರಿನೊಂದಿಗೆ ಕೊಚ್ಚಿಬಂದವು ಎಂದು ಪಂಡಿತರು ಬದಿಗೆ ಸರಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸನ್ ಈ ಮಾತನ್ನು ಒಪ್ಪಲಿಲ್ಲ. ಬಹಾಮಾಸ್ ದ್ವೀಪಗಳ ಬಳಿ ಕಡಲ ತಳದ ಕೆಸರು ತಂದು ತಟ್ಟೆಗಳಲ್ಲಿ ಬೆಳೆಸಿದರು. ಕಿತ್ತಳೆ ಬಣ್ಣದ ಪುಟ್ಟ ಚುಕ್ಕೆಗಳು ಮೂಡಿ, ಬೀಜಾಣು ಬಿಡುವ ಹೊತ್ತಿಗೆ ಕಪ್ಪಾಗುತ್ತಿದ್ದವು. ತಟ್ಟೆಯ ಆಹಾರವನ್ನು ಸಿಹಿನೀರಿನಲ್ಲಿ ಕಲಸಿದರೆ ಏನೂ ಬೆಳೆಯುತ್ತಿರಲಿಲ್ಲ. ಕಡಲ ನೀರಿನಲ್ಲಿ ಕಲಸಿದರೆ ಮಾತ್ರ ಬೆಳೆಯುತ್ತಿದ್ದವು. ಅವು ನೆಲದಿಂದ ಕೊಚ್ಚಿಬಂದವಲ್ಲ, ಕಡಲಿನವೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸ್ಯಾಲಿನಿಸ್ಪೋರಾ ಎಂದು ಹೆಸರಿಟ್ಟರು. 2007ರಲ್ಲಿ ಅದರ ಜೀನೋಮ್ ಓದಿದಾಗ, ಸುಮಾರು ಹತ್ತನೇ ಒಂದು ಭಾಗ ಇಂಥ ವಿಶೇಷ ರಸಾಯನಗಳ ತಯಾರಿಗೇ ಮೀಸಲಾಗಿರುವುದು ಕಂಡಿತು.

ಅದರಿಂದ ಸಿಕ್ಕ ಸ್ಯಾಲಿನೊಸ್ಪೊರಮೈಡ್ ಎಂಬ ಅಣು, ಜೀವಕೋಶದ ಹಳೆಯ ಪ್ರೋಟೀನುಗಳನ್ನು ಚೂರುಮಾಡುವ ಯಂತ್ರವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮಿದುಳಿಗೂ ತಲುಪುತ್ತದೆ ಎಂಬುದರಿಂದ ಗ್ಲಿಯೊಬ್ಲಾಸ್ಟೋಮಾ ಎಂಬ ಕ್ರೂರ ಮಿದುಳು ಗಡ್ಡೆಗೆ ಪ್ರಯೋಗಿಸಿದರು. ಉಪ್ಪುನೀರಿನ ತೊಟ್ಟಿಗಳಲ್ಲಿ ಬೆಳೆಸಿ ಮದ್ದು ತಯಾರಿಸಿ, ಮೂರನೇ ಹಂತದ ದೊಡ್ಡ ಪರೀಕ್ಷೆಯವರೆಗೆ ತಂದರು. ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ಬಹಾಮಾಸ್ ಕೆಸರಿನಿಂದ ಅಲ್ಲಿಗೆ ಬರಲು ಮೂರು ದಶಕ ಹಿಡಿದಿತ್ತು. ಕಡಲ ಮದ್ದಿನ ಸುದ್ದಿ ಬರೆಯುವವರು ಇಂಥ ಸೋಲುಗಳನ್ನೂ ಬರೆಯಬೇಕು ಎಂಬುದು ನನ್ನ ಆಗ್ರಹ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತ ದಿನವೇ "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಎಂದು ಅಚ್ಚುಹಾಕಿದರೆ, ಮನೆಯಲ್ಲಿ ರೋಗಿಯನ್ನಿಟ್ಟುಕೊಂಡವರು ಆ ಕಾಗದ ಕತ್ತರಿಸಿಟ್ಟುಕೊಂಡು ಕಾಯುತ್ತಾರೆ.

ಬ್ಯಾಕ್ಟೀರಿಯಾಗಳು ಹುಡುಕಾಟದ ಕೇಂದ್ರಕ್ಕೆ ಬಂದದ್ದರಿಂದ ಪ್ರಾಣಿಗಳು ಉಳಿದವು. ಒಂದು ಚಮಚ ಕೆಸರು, ಉಗುರಷ್ಟು ಸ್ಪಂಜು ಸಾಕು. ಡಿಎನ್‌ಎ ಓದಿ, ಬೇಕಾದ ಜೀನ್‌ಗಳನ್ನು ಸುಲಭವಾಗಿ ಬೆಳೆಯುವ ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸುವ ಪ್ರಯತ್ನಗಳು ನಡೆದಿವೆ. ಆದರೆ ಹಕ್ಕಿನ ಪ್ರಶ್ನೆ ಇದರಿಂದಲೇ ಜಟಿಲವಾಯಿತು. ಟನ್‌ಗಟ್ಟಲೆ ಸಾಗಿಸಿದರೆ ಬಂದರಿನಲ್ಲಿ ಕಣ್ಣಿಗೆ ಬೀಳುತ್ತದೆ. ಡಿಎನ್‌ಎ ಅಕ್ಷರಗಳು ಇಮೇಲಿನಲ್ಲಿ ಹೋಗುತ್ತವೆ. ದೇಶದೊಳಗಿನ ಜೀವಸಂಪತ್ತಿಗೆ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಿದೆ. ಯಾವ ದೇಶಕ್ಕೂ ಸೇರದ ತೆರೆದ ಸಾಗರಕ್ಕೆ 2023ರಲ್ಲಿ ವಿಶ್ವಸಂಸ್ಥೆ ಒಪ್ಪಂದ ಅಂಗೀಕರಿಸಿತು. ಅಲ್ಲಿನ ಜೀವಿಗಳ ಡಿಜಿಟಲ್ ಜೀನ್ ಮಾಹಿತಿಯಿಂದ ಬರುವ ಲಾಭವನ್ನೂ ಹಂಚಿಕೊಳ್ಳಬೇಕು ಎನ್ನುತ್ತದೆ ಅದು. ಭಾರತ 2024ರಲ್ಲಿ ಸಹಿ ಹಾಕಿದೆ.

ಸಹಿ ಹಾಕಿದರೆ ಲಾಭದಲ್ಲಿ ಪಾಲು ಸಿಗಬಹುದು, ತಿಳಿವಳಿಕೆ ಸಿಗುವುದಿಲ್ಲ. 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಗೋವಾದಲ್ಲಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಮುರುಡೇಶ್ವರದ ಎದುರು ನೇತ್ರಾಣಿಯ ಬಂಡೆಗಳಲ್ಲಿ ಹವಳವಿದೆ, ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿದೆ. ಒಲಿವೆರಾ ಮನಿಲಾದಲ್ಲಿ ಶುರುಮಾಡಿದಾಗ ಅವರ ಬಳಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅಳಿವೆಯ ಕೆಸರಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಹೆಸರು ಹಚ್ಚಿ, ಕಾಪಿಟ್ಟು, ವರ್ಷಗಟ್ಟಲೆ ಪರೀಕ್ಷಿಸುವ ಕೆಲಸಕ್ಕೆ ಎರಡು ವರ್ಷದ ಪ್ರಾಜೆಕ್ಟ್ ಹಣ ಸಾಲದು. ಟ್ರಾಬೆಕ್ಟೆಡಿನ್ ಮೊದಲ ಸುಳಿವಿನಿಂದ ರೋಗಿಯನ್ನು ತಲುಪಲು 38 ವರ್ಷ ಹಿಡಿಯಿತು. ಅಷ್ಟು ಕಾಲ ಕಾಯಬಲ್ಲ ಅನುದಾನವನ್ನು ಕಾರವಾರದಂಥ ವಿಭಾಗಗಳಿಗೆ ಸರ್ಕಾರ ಕೊಡಬೇಕು, ಅಷ್ಟು ಕಾಲ ಅಳಿವೆಗಳನ್ನೂ ಹವಳದ ಬಂಡೆಗಳನ್ನೂ ಕೆಡದಂತೆ ಉಳಿಸಿಕೊಡಬೇಕು.