ಜುಟ್ಟುಕೋಳಿಯ ಮರಿ: ಹುಂಜವೋ, ಹೇಂಟೆಯೋ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆ ಹಿತ್ತಿಲಲ್ಲಿ ಜವಾರಿ ಕೋಳಿ ಸಾಕುವವರು ಮರಿಯನ್ನು ಸಂತೆಗೆ ಒಯ್ಯುವ ಮೊದಲು ಅದರ ಲಿಂಗವನ್ನು ಅರಿಯಬೇಕು. ತಪ್ಪಿದರೆ ಮೊಟ್ಟೆಯಿಡಬೇಕಾದ ಹೇಂಟೆಯೇ ಮಾರಾಟವಾಗಿ ಹೋದೀತು.

ಸಾಮಾನ್ಯವಾಗಿ ನಾವು ತಲೆಯ ಮೇಲಿನ ಮಾಂಸದ ಶಿಖೆಯನ್ನು ನೋಡುತ್ತೇವೆ. ಹುಂಜಮರಿಯದು ಬೇಗ ಬೆಳೆದು ಕೆಂಪೇರುತ್ತದೆ. ಆದರೆ ಗರಿಜುಟ್ಟುಳ್ಳ ಕೋಳಿಗಳಲ್ಲಿ ಶಿಖೆ ಮರೆಯಾಗಿರಬಹುದು. ಪೋಲಿಷ್ ತಳಿಯಲ್ಲಿ ಅದು ಎರಡು ಪುಟ್ಟ ಕೊಂಬುಗಳಷ್ಟೇ. ಆಗ ಜುಟ್ಟನ್ನೇ ಪರೀಕ್ಷಿಸಬೇಕು. ತುಪ್ಪುಳದ ವಯಸ್ಸಿನಲ್ಲಿ ಅದರ ಗಾತ್ರ ನಂಬತಕ್ಕ ಗುರುತಲ್ಲ. ಸುಮಾರು 2-3 ತಿಂಗಳಿಗೆ ಭೇದ ಸ್ಪಷ್ಟವಾಗುತ್ತದೆ: ಹೇಂಟೆಯ ಗರಿಗಳ ತುದಿ ದುಂಡಗೆ, ಜುಟ್ಟು ಚೆಂಡಿನಂತೆ, ಹುಂಜದ ಗರಿಗಳು ನೀಳವಾಗಿ, ಮೊನಚಾಗಿ, ಕೆದರಿ ಹಿಂದಕ್ಕೆ ಬಾಗುತ್ತವೆ.

ಇದಕ್ಕೆ ಕಾರಣವೇನು? ಹೇಂಟೆಯ ಅಂಡಾಶಯವು ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಗರಿಯ ತುದಿಯನ್ನು ದುಂಡಾಗಿಸುತ್ತದೆ. ಅಂಡಾಶಯವನ್ನು ತೆಗೆದ ಹೇಂಟೆಗೆ ಮುಂದೆ ಹುಂಜದಂಥ ಗರಿಗಳೇ ಮೂಡುತ್ತವೆ. ಬೀಜ ತೆಗೆದ ಹುಂಜವಾದರೋ ತನ್ನ ಮೊನಚು ಗರಿಗಳನ್ನು ಉಳಿಸಿಕೊಳ್ಳುತ್ತದೆ. ಎಂದರೆ ಮೊನಚು ಗರಿಗೆ ಪುರುಷ ಹಾರ್ಮೋನು ಬೇಕಿಲ್ಲ. ಈಸ್ಟ್ರೊಜೆನ್ನಿನ ಅಭಾವವೇ ಸಾಕು.

ಮರಿ ಹುಟ್ಟಿದ ದಿನವೇ ಗುದದ್ವಾರದೊಳಗಿನ ಸೂಕ್ಷ್ಮ ಉಬ್ಬನ್ನು ನೋಡಿ ಲಿಂಗ ತಿಳಿಯುವ ಕ್ರಮವನ್ನು 1920ರ ದಶಕದಲ್ಲಿ ಜಪಾನಿನ ಮಸೂಯಿ, ಹಶಿಮೊಟೊ ಮೊದಲಾದವರು ರೂಪಿಸಿದರು. ಅದಕ್ಕೆ ಪಳಗಿದ ಕೈ ಬೇಕು. ಪಳಗದ ಕೈಯಲ್ಲಿ ಮರಿಗೆ ಗಾಯವಾದೀತು. ಸಾವಿರಾರು ಮರಿಗಳ ಕೇಂದ್ರಕ್ಕೆ ಆ ಅವಸರ ಸಹಜ. ಹಿತ್ತಿಲ ನಾಲ್ಕಾರು ಮರಿಗಳಿಗಾದರೆ ಗರಿ ಬಲಿಯುವವರೆಗೆ ಕಾಯುವುದೇ ಲಾಭ.